ಬೆತ್ತದ ಮೆಳೆಯಲ್ಲಿ ಸಿಕ್ಕಿಕೊಳ್ಳದ ಆಂಟೆನಾ

ಪ್ರಶ್ನೆ: ಮಲೆನಾಡಿನಲ್ಲಿ ಕಾಳಿಂಗ ಸರ್ಪಗಳಿಗೆ ರೇಡಿಯೋ ಟ್ರಾನ್ಸ್‌ಮಿಟರ್ ಅಳವಡಿಸಿ ಅಧ್ಯಯನ ಮಾಡುವ ತಂಡದಲ್ಲಿ ಸಹಾಯಕನಾಗಿದ್ದೇನೆ. ನಮ್ಮ ಟ್ರಾನ್ಸ್‌ಮಿಟರ್‌ಗಳ ಆವರ್ತನ 150 ಮೆಗಾಹರ್ಟ್ಸ್. ಸಿಗ್ನಲ್ ಬರುವ ದಿಕ್ಕು ಹುಡುಕುವ, ಮೂರು ಕಡ್ಡಿಯ ಅಲ್ಯೂಮಿನಿಯಂ ‘ಯಾಗಿ’ ಆಂಟೆನಾ ಹಿಡಿದು ಬೆತ್ತದ ಮೆಳೆ ನುಸುಳುವುದೇ ಕಷ್ಟ. ಗೇಣುದ್ದದ್ದೊಂದು ಮಾಡಿಕೊಳ್ಳಲು ಆಗುವುದಿಲ್ಲವೇ?

ಉತ್ತರ: ಗೇಣುದ್ದದ ಆಸೆ ಬಿಡಿ. 150 ಮೆಗಾಹರ್ಟ್ಸ್ ಅಲೆಯ ಉದ್ದ 2 ಮೀಟರ್. ಕಡ್ಡಿಗಳು ಸುಮಾರು ಅದರ ಅರ್ಧದಷ್ಟು ಇದ್ದರೆ ಯಾಗಿ ಚೆನ್ನಾಗಿ ಕೆಲಸ ಮಾಡುತ್ತದೆ. ಕಾಯಿಲ್ ಸುತ್ತಿ ಗಿಡ್ಡ ಮಾಡಿದರೆ ಸಿಗ್ನಲ್ ಸೊರಗುತ್ತದೆ. ಗಿಡ್ಡ ಮಾಡುವ ಬದಲು ಬಾಗುವಂತೆ ಮಾಡಿ. ಬಡಗಿಗಳ ಉಕ್ಕಿನ ಅಳತೆ ಟೇಪು ಸಾಕು. ಅಡಗಿಸಿಟ್ಟ ಟ್ರಾನ್ಸ್‌ಮಿಟರ್ ಹುಡುಕುವ ಆಟಕ್ಕೆ ಹ್ಯಾಮ್ (ಹವ್ಯಾಸಿ) ರೇಡಿಯೋದವರು ಬಳಸುವುದೂ ಇದನ್ನೇ. ಮೆಳೆಗೆ ತಾಗಿದರೆ ಬಾಗುತ್ತದೆ, ದಾಟಿದೊಡನೆ ಟಪ್ಪನೆ ನೆಟ್ಟಗಾಗುತ್ತದೆ.

ಮೂರು ಕಡ್ಡಿಗಳ ಬದಲು ಟೇಪಿನಿಂದ ಪಟ್ಟಿ ಕತ್ತರಿಸಿ: ಹಿಂದಿನ ಪಟ್ಟಿ 102 ಸೆಂ.ಮೀ., ಮುಂದಿನದು 87. ನಡುವಿನದಕ್ಕೆ 44 ಸೆಂ.ಮೀ.ನ ಎರಡು ತುಂಡು, ಮಧ್ಯೆ ಎರಡೂವರೆ ಸೆಂ.ಮೀ. ಸಂದು. ಹಿಂದಿನದಕ್ಕೂ ನಡುವಿನದಕ್ಕೂ 20, ನಡುವಿನದಕ್ಕೂ ಮುಂದಿನದಕ್ಕೂ 31 ಸೆಂ.ಮೀ. ಅಂತರ. (ಕತ್ತರಿಸಲು ಬೇರೆ ಸ್ಕೇಲ್ ಬೇಡ, ಅಳತೆ ಪಟ್ಟಿಯ ಮೇಲೆಯೇ ಇದೆ!) ಅರ್ಧ ಇಂಚಿನ ಪಿವಿಸಿ ಪೈಪಿಗೆ ಹೋಸ್ ಕ್ಲಿಪ್ ಹಾಕಿ ಬಿಗಿಯಿರಿ.

ಹೆಚ್ಚಿನವರು ಎಡವುವುದು ಬೆಸುಗೆಯಲ್ಲಿ. ಟೇಪಿನ ಹಳದಿ ಬಣ್ಣದ ಮೇಲೆ ಸೀಸ ಹತ್ತುವುದಿಲ್ಲ. ಉಪ್ಪುಕಾಗದದಿಂದ ಉಕ್ಕು ಹೊಳೆಯುವವರೆಗೆ ತಿಕ್ಕಿ, ಪೈಪಿಗೆ ಕಟ್ಟುವ ಮೊದಲೇ ಸೀಸದ ತೆಳು ಲೇಪ ಕೊಡಿ. ಇಲ್ಲವಾದರೆ ಪೈಪು ಕರಗುತ್ತದೆ. ರಿಸೀವರ್‌ಗೆ ಹೋಗುವ ಕೇಬಲ್‌ನ ಒಳತಂತಿ ನಡುವಿನ ಒಂದು ತುಂಡಿಗೆ, ಹೊರಜಾಲರಿ ಇನ್ನೊಂದಕ್ಕೆ. ಅದೇ ಎರಡು ತುದಿಗಳ ನಡುವೆ ಹೇರ್‌ಪಿನ್ನಿನಂತೆ ಬಗ್ಗಿಸಿದ 13 ಸೆಂ.ಮೀ. ತಂತಿಯನ್ನೂ ಬೆಸೆಯಿರಿ. ಯಾಗಿಯನ್ನು 50 ಓಮ್ ಕೇಬಲ್‌ಗೆ ಹೊಂದಿಸುವುದು ಇದೇ, ಬಿಟ್ಟರೆ ನಷ್ಟ. ಕತ್ತರಿಸಿದ ಅಂಚುಗಳು ಬ್ಲೇಡಿನಂತಿರುತ್ತವೆ, ಇನ್ಸುಲೇಷನ್ ಟೇಪ್ ಸುತ್ತಿ. ಮಳೆಗಾಲಕ್ಕೆ ಬೆಸುಗೆಯ ಮೇಲೂ ಸುತ್ತುವುದು ಲೇಸು, ಬಣ್ಣ ಹೋದ ಕಡೆ ತುಕ್ಕು ಬೇಗ ಹಿಡಿಯುತ್ತದೆ.

ಕಾಡಿಗೆ ಒಯ್ಯುವ ಮುಂಚೆ, ಬಿಡಿ ಟ್ರಾನ್ಸ್‌ಮಿಟರ್ ಒಂದನ್ನು ಬಯಲಿನಲ್ಲಿಟ್ಟು ಹಳೆಯ ಆಂಟೆನಾದ ಜೊತೆ ಹೋಲಿಸಿ ನೋಡಿ. ಪಟ್ಟಿಗಳನ್ನು ಅಡ್ಡ ಹಿಡಿದು ಒಮ್ಮೆ, ನಿಲ್ಲಿಸಿ ಹಿಡಿದು ಒಮ್ಮೆ ಕೇಳಿ. ಹಾವು ಸುರುಳಿ ಸುತ್ತಿದಂತೆಲ್ಲ ಅದರೊಳಗಿನ ಟ್ರಾನ್ಸ್‌ಮಿಟರ್‌ನ ತಂತಿಯೂ ದಿಕ್ಕು ಬದಲಿಸುವುದರಿಂದ ಸದ್ದು ಏರಿಳಿಯುತ್ತದೆ.

ಆಂಟೆನಾ ಯಾವ ಕಡೆ ತಿರುಗಿಸಿದರೂ ಒಂದೇ ಸಮನೆ ಜೋರಾಗಿ ಕೇಳುತ್ತಿದ್ದರೆ ಕೆಟ್ಟಿದೆ ಅಂದುಕೊಳ್ಳಬೇಡಿ, ರಿಸೀವರ್‌ನ ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ತಗ್ಗಿಸಿ. ಬಹುಶಃ ಕಾಳಿಂಗ ತೀರಾ ಹತ್ತಿರದಲ್ಲಿದೆ. ಕಾಲಿಡುವ ಮೊದಲು ನೆಲ ನೋಡಿ.