ಡಿ ಅಂಡ್ ಡಿಯಲ್ಲಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಟೇಬಲ್ ಸುತ್ತ ಕೂತು ಡೈಸ್ ಉರುಳಿಸಿ ಕಥೆ ಕಟ್ಟೋ ಆಟ) ನನ್ನ ಪ್ಲೇಯರ್ ಒಬ್ಬಳ ಕ್ಯಾರೆಕ್ಟರ್ ಪಾಪ್ ಸ್ಟಾರ್ ಬಾರ್ಡ್, ಅಂದ್ರೆ ಹಾಡಿನಿಂದಲೇ ಮಂತ್ರ ಹಾಕೋ ಗಾಯಕಿ. ಜನ ಅವಳ ರೂಪ ನೋಡಿ ಹೇಗೆ ಅಳೆಯುತ್ತಾರೆ ಅನ್ನೋದಕ್ಕೆ ಕರಿಸ್ಮಾ ಸ್ಕೋರ್ ಸಾಕಾ, ಬೇರೆ ಬ್ಯೂಟಿ ಸ್ಕೋರ್ ಇಡಲಾ? ನಿಜ ಜೀವನದಲ್ಲೂ ಜನ ರೂಪ ನೋಡಿಯೇ ಅಳೆಯುತ್ತಾರೆ. ಕಾಸ್ಟ್ಯೂಮ್‌ಗೆ ಬೋನಸ್ ಕೊಡಬಹುದಾ?

ಇಡಬೇಡಿ. ನಾನು ಇಟ್ಟಿದ್ದೆ. ಚೆನ್ನಾಗಿ ನಡೀತಿದ್ದ ಒಂದು ಆಟ ಅಲ್ಲಿಗೇ ನಿಂತುಹೋಯಿತು.

ನಮ್ಮದು ಡಿ ಅಂಡ್ ಡಿ ಅಲ್ಲ, ಸೈಬರ್‌ಪಂಕ್ 2020. ಅದು 1990ರ ಹಳೇ ಆಟ, ಹೆಸರಲ್ಲಿರೋ 2020 ಅವರು ಆಗ ಊಹಿಸಿಕೊಂಡಿದ್ದ ಭವಿಷ್ಯ. ರಾಜಾಜಿನಗರದಲ್ಲಿ ಗೆಳೆಯನ ಮನೆ ಮಹಡಿಯ ಮೇಲೆ, ಭಾನುವಾರ ಊಟ ಆದಮೇಲೆ ಕೂತರೆ ಕತ್ತಲಾಗೋವರೆಗೂ ಏಳುತ್ತಿರಲಿಲ್ಲ. ನಾನು ಜಿಎಂ, ಅಂದ್ರೆ ಗೇಮ್ ಮಾಸ್ಟರ್, ಕಥೆ ಹೇಳಿ ಆಟ ನಡೆಸೋನು. ಆ ಆಟದಲ್ಲಿ ರಾಕರ್‌ಬಾಯ್ ಅಂತ ಒಂದು ಪಾತ್ರ ಇದೆ. ನಿಮ್ಮ ಬಾರ್ಡ್ ಥರಾನೇ, ಆದರೆ ಮಂತ್ರಗಿಂತ್ರ ಏನೂ ಇಲ್ಲ. ಹಾಡಿ ಜನರನ್ನು ಎಬ್ಬಿಸೋದೇ ಅವರ ಶಕ್ತಿ. ನಮ್ಮ ಗುಂಪಿನ ಒಬ್ಬ ಗೆಳತಿ ಅದನ್ನು ತಗೊಂಡಳು. ಕ್ಯಾರೆಕ್ಟರ್ ಹೆಸರು ಮಿಂಚು. ಕ್ಯಾರೆಕ್ಟರ್ ವಿವರ ಬರೆಯೋ ಶೀಟ್‌ನ ಹಿಂದೆ ಚಿತ್ರ ಬೇರೆ ಬರೆದಿದ್ದಳು: ಬೋಳಿಸಿದ ತಲೆ, ಒಂದು ಕೈ ಲೋಹದ್ದು, ಅಜ್ಜಿಯ ಇಳಕಲ್ ಸೀರೆಯ ಸೆರಗು ಕತ್ತರಿಸಿ ಹೊಲಿಸಿದ ಜಾಕೆಟ್ಟು. ಆ ಜಾಕೆಟ್ಟಿನ ಕೆಂಪಿಗೆ ಅಂತಾನೇ ಸ್ಕೆಚ್ ಪೆನ್ ತಂದಿದ್ದಳು. ಇವತ್ತಿಗೂ ನನ್ನ ಟೇಬಲ್ಲಿನಲ್ಲಿ ಯಾರೂ ಅಷ್ಟು ಪ್ರೀತಿಯಿಂದ ಕ್ಯಾರೆಕ್ಟರ್ ಮಾಡಿಲ್ಲ.

ಆ ಆಟದಲ್ಲಿ ಅಟ್ರಾಕ್ಟಿವ್‌ನೆಸ್ (ಚೆಲುವು) ಅಂತ ಒಂದು ಸ್ಟ್ಯಾಟ್, ಅಂದ್ರೆ ಕ್ಯಾರೆಕ್ಟರ್‌ನ ಒಂದು ಗುಣಕ್ಕೆ ಕೊಡೋ ನಂಬರ್ ಇತ್ತು. ನೀವು ಈಗ ಹುಡುಕುತ್ತಿರೋದೂ ಅದನ್ನೇ ಅಲ್ವಾ? ಮಿಂಚುಗೆ ಅದರಲ್ಲಿ ಕಡಿಮೆ ನಂಬರ್ ಇತ್ತು, ಅವಳೇ ಬೇಕು ಅಂತ ಕಡಿಮೆ ಇಟ್ಟಿದ್ದಳು. "ನೋಡೋಕೆ ಹೆಂಗಾದ್ರೂ ಇರಲಿ, ಹಾಡಿದ್ರೆ ಊರು ನಿಲ್ಲಬೇಕು" ಅಂದಿದ್ದಳು. ಅಲ್ಲೇ ನನಗೆ ಅರ್ಥ ಆಗಬೇಕಿತ್ತು. ನಾನೋ ಪಕ್ಕಾ ರಿಯಲಿಸಂ ಹುಚ್ಚಿನವನು. ಪಾಪ್ ಸ್ಟಾರ್ ಅಂದಮೇಲೆ ಜನ ಮೊದಲು ನೋಡೋದು ರೂಪ, ಆಮೇಲೆ ಹಾಡು ಅಂತ ಲೆಕ್ಕ ಹಾಕಿ ನನ್ನದೇ ಒಂದು ರೂಲ್ ಮಾಡಿದೆ. ಸ್ಟೇಜ್ ಹತ್ತಿದ ತಕ್ಷಣ ಅಟ್ರಾಕ್ಟಿವ್‌ನೆಸ್ ಮೇಲೆ ಒಂದು ರೋಲ್, ಅಂದ್ರೆ ಡೈಸ್ ಉರುಳಿಸಬೇಕು. ನಂಬರ್ ಸಾಲದೆ ಅದು ಬಿದ್ದುಹೋದರೆ ಹಾಡಿನ ರೋಲ್‌ಗೆ ಪೆನಾಲ್ಟಿ.

ಆವತ್ತಿನ ಸೀನ್ ಇದು. ಮುಚ್ಚಿಹೋದ ಒಂದು ಫ್ಯಾಕ್ಟರಿ, ಬೆಳಗ್ಗೆ ಕಂಪನಿಯವರು ಬಂದು ಕೆಡವುತ್ತಾರೆ. ಅಲ್ಲಿವರೆಗೆ ಕೆಲಸಗಾರರು ಮನೆಗೆ ಹೋಗದ ಹಾಗೆ ಮಿಂಚು ಹಾಡಿ ಹಿಡಿದಿಡಬೇಕು. ಒಳ್ಳೆ ಸೀನು, ಈಗಲೂ ಹೇಳ್ತೀನಿ. ಅವಳು ಮೊದಲ ರೋಲ್ ಹಾಕಿದಳು, ಬಿದ್ದುಹೋಯಿತು. ನಾನು ನೋಟ್ಸ್ ತಿರುಗಿಸಿದೆ. ಅದರ ಹಿಂದೆ, ಒಬ್ಬ ಗಾಯಕಿಯ ಫೋಟೋ ಕೆಳಗೆ ಜನ ಹಾಕಿದ್ದ ಕಾಮೆಂಟುಗಳನ್ನು ಮೊದಲೇ ಬರೆದಿಟ್ಟುಕೊಂಡಿದ್ದೆ. ತಯಾರಿ ಅಂತೆ! ಅದನ್ನೇ ಓದಿದೆ. "ಗುಂಪಿಗೆ ನೀನು ಹಿಡಿಸಲಿಲ್ಲ. ಪೋಸ್ಟರ್‌ನಲ್ಲಿ ಇದ್ದಿದ್ದಕ್ಕಿಂತ ದಪ್ಪ ಕಾಣ್ತಿದ್ದೀಯ. ಈ ಬಟ್ಟೆ ನಿನಗೆ ಒಪ್ಪಲ್ಲ." ಉಳಿದವರಿಗೂ ಜೋಶ್ ಬಂತು. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಹಿಂದಿನ ಸಾಲಿನವರು ಕೂಗೋ ಹಾಗೆ ಅವರೂ ಶುರು ಹಚ್ಚಿಕೊಂಡರು. ಅವಳೂ ನಕ್ಕಳು. ಹಾಡಿನ ರೋಲ್ ಹಾಕಿದಳು, ಪೆನಾಲ್ಟಿಯಿಂದ ಅದೂ ಹೋಯಿತು. ಮುಂದಿನ ವಾರ ಗ್ರೂಪಿನಲ್ಲಿ "ಈ ಸಂಡೇ ಆಗಲ್ಲ ಕಣ್ರೋ" ಅಂತ ಬಂತು. ಆಮೇಲೆ ಅದೂ ಬರಲಿಲ್ಲ. ಅವಳಿಲ್ಲದೆ ಆಡೋಕೆ ನೋಡಿದೆವು, ಕಥೆಯೆಲ್ಲಾ ಅವಳ ಸುತ್ತಲೇ ಇತ್ತು, ಎಳೆಯೋಕಾಗಲಿಲ್ಲ.

ಇಲ್ಲಿ ತಪ್ಪು ಏನು ಅನ್ನೋದನ್ನು ಸ್ವಲ್ಪ ಜಾಸ್ತೀನೇ ಹೇಳ್ತೀನಿ, ಯಾಕಂದ್ರೆ ಇದನ್ನು ಕೇಳಿದವರೆಲ್ಲ "ಅಷ್ಟು ಕೆಟ್ಟದಾಗಿ ಮಾತಾಡಬಾರದಿತ್ತು" ಅಂತಾರೆ. ಅದಲ್ಲ ವಿಷಯ. ಸೈಬರ್‌ಪಂಕ್ ಲೋಕದಲ್ಲಿ ಜನ ಕೆಟ್ಟದಾಗಿಯೇ ಮಾತಾಡ್ತಾರೆ, ಅವಳ ಬಾಯಿ ನನಗಿಂತ ಜೋರು. ತಪ್ಪು ಅಂದ್ರೆ, ಆ ಮಾತುಗಳನ್ನು ನಾನು ಯಾರ ಬಾಯಲ್ಲೂ ಇಡಲಿಲ್ಲ. ಜಿಎಂ ದನಿಯಲ್ಲಿ ಹೇಳಿದೆ. ಜಿಎಂ "ಹೊರಗೆ ಮಳೆ ಬರ್ತಿದೆ" ಅಂದ್ರೆ ಬರ್ತಿದೆ, ಅದರ ಮೇಲೆ ಯಾರೂ ವಾದ ಮಾಡಲ್ಲ. ಬಾಗಿಲಿಗೆ ಬೀಗ ಇದೆ ಅಂದ್ರೆ ಇದೆ. ಅದೇ ದನಿಯಲ್ಲಿ, ಎದುರಿಗೆ ಕೂತವಳ ಮುಖ ನೋಡಿಕೊಂಡು, ನೀನು ನೋಡೋಕೆ ಚೆನ್ನಾಗಿಲ್ಲ ಅಂದೆ. ಅದು ಯಾರೋ ಒಬ್ಬನ ಅಭಿಪ್ರಾಯ ಆಗಿ ಉಳಿಯಲಿಲ್ಲ, ಆ ಲೋಕದ ಸತ್ಯ ಆಗಿಹೋಯಿತು. ಮೇಲಿಂದ ಡೈಸ್ ಬೇರೆ ಅದಕ್ಕೆ ಠಸ್ಸೆ ಒತ್ತಿತು. ಅದೇ ನಾನು, "ಮುಂದಿನ ಸಾಲಿನಲ್ಲಿ ನಿಂತ, ಕಂಪನಿಯ ಬ್ಯಾಡ್ಜ್ ಜೇಬಲ್ಲಿ ಮುಚ್ಚಿಟ್ಟುಕೊಂಡಿರೋ ಒಬ್ಬ ಹುಡುಗ ಕೂಗಿದ" ಅಂದಿದ್ದರೆ? ಅವಳು ಅವನ ಕೈಗೆ ಮೈಕ್ ಕೊಟ್ಟು "ಬಾಪ್ಪಾ, ನೀನೇ ಹಾಡು" ಅಂತಿದ್ದಳು. ಆ ಬ್ಯಾಡ್ಜ್ ಕಿತ್ತು ಜನರಿಗೆ ತೋರಿಸ್ತಿದ್ದಳು. ಸೀನ್ ಎಲ್ಲಿಗೋ ಹೋಗ್ತಿತ್ತು. ತುಂಬಾ ದಿನ ಆದಮೇಲೆ ಒಂದು ಮದುವೆಯಲ್ಲಿ ಸಿಕ್ಕಾಗ ಅವಳೂ ಹೇಳಿದ್ದು ಇಷ್ಟೇ: "ಬೈದಿದ್ದಕ್ಕಲ್ಲ ಕಣೋ. ತಿರುಗಿಸಿ ಬೈಯೋಕೆ ಅಲ್ಲಿ ಯಾರೂ ಇರಲಿಲ್ಲ."

"ನಿಜ ಜೀವನದಲ್ಲೂ ಜನ ರೂಪ ನೋಡಿಯೇ ಅಳೆಯುತ್ತಾರೆ" ಅಂತ ನೀವು ಬರೆದಿದ್ದೀರಿ. ಅಳೆಯುತ್ತಾರೆ, ಒಪ್ಪಿದೆ. ಆದರೆ ಆ ಅಳತೆಗೋಲು ಒಂದು ಕಡೆ ನಿಲ್ಲೋದಿಲ್ಲ. ಪಾಪ್ ಗಾಯಕಿ ಬಿಲ್ಲಿ ಐಲಿಶ್ ದೊಗಳೆ ಬಟ್ಟೆ ಹಾಕಿಕೊಂಡಾಗ ಅದೇನು ಹುಡುಗರ ಥರ ಅಂದರು. 2020ರ ಅಕ್ಟೋಬರ್‌ನಲ್ಲಿ ಟ್ಯಾಂಕ್ ಟಾಪ್‌ನಲ್ಲಿ ಬೀದಿಯಲ್ಲಿ ನಡೆದು ಹೋಗೋ ಫೋಟೋ ಬಂದಾಗ ಅವಳ ಮೈ ಬಗ್ಗೆ ಶುರು ಮಾಡಿದರು. ಅದೇ ವರ್ಷ ಮೇನಲ್ಲಿ ಇನ್ನೊಬ್ಬ ಗಾಯಕಿ ಅಡೆಲ್ ಸಣ್ಣಗಾದ ಫೋಟೋ ಹಾಕಿದಳು. ಒಂದಿಷ್ಟು ಜನ ಹೊಗಳಿದರು, ಮೊದಲಿನ ಹಾಗೇ ಇರಬೇಕಿತ್ತು ಅಂತ ಇನ್ನೊಂದಿಷ್ಟು ಜನಕ್ಕೆ ಬೇಜಾರು. ಅಮೆರಿಕದ ಗಾಯಕಿ ಕರೆನ್ ಕಾರ್ಪೆಂಟರ್ ಕಥೆ ಇನ್ನೂ ಹಿಂದಿನದು. ಆಕೆ ಡ್ರಮ್ಮರ್, ಡ್ರಮ್ಸ್ ಹಿಂದೆ ಕೂತೇ ಹಾಡುತ್ತಿದ್ದಳು. ಹಾಡೋರು ಜನಕ್ಕೆ ಕಾಣಬೇಕು ಅಂತ ಅವಳನ್ನು ಎಬ್ಬಿಸಿ ಸ್ಟೇಜ್ ಮುಂದೆ ನಿಲ್ಲಿಸಿದರು, ಅವಳಿಗೆ ಅದು ಇಷ್ಟ ಇರಲಿಲ್ಲ. 1983ರಲ್ಲಿ, 32ನೇ ವಯಸ್ಸಿಗೆ, ಅನೊರೆಕ್ಸಿಯಾದಿಂದ (ದಪ್ಪ ಆಗೋ ಭಯಕ್ಕೆ ಊಟ ಬಿಟ್ಟು ಸೊರಗೋ ಕಾಯಿಲೆ) ಹೃದಯ ಸೋತು ತೀರಿಕೊಂಡಳು. ಇದರಲ್ಲಿ ಯಾವುದನ್ನು ನೀವು ಒಂದರಿಂದ ಇಪ್ಪತ್ತರ ನಂಬರಿನಲ್ಲಿ ಕೂರಿಸ್ತೀರಿ? ಇವತ್ತು 14, ಟ್ಯಾಂಕ್ ಟಾಪ್ ಹಾಕಿದ ದಿನ 9 ಅಂತಾನಾ? ರಿಯಲಿಸಂ ಬೇಕು ಅಂದ್ರೂ ಈ ಸ್ಕೋರ್ ಕೆಲಸಕ್ಕೆ ಬರಲ್ಲ.

ಆಟ ಮಾಡೋರಿಗೂ ಇದು ನಿಧಾನಕ್ಕೆ ಗೊತ್ತಾಯಿತು ಅನಿಸುತ್ತೆ. ಡಿ ಅಂಡ್ ಡಿಯಲ್ಲೇ 1985ರಲ್ಲಿ ಕಮ್‌ಲಿನೆಸ್ (ಚೆಲುವು) ಅಂತ ಏಳನೇ ಸ್ಕೋರ್ ಸೇರಿಸಿದ್ದರು, ನಿಮ್ಮ ಐಡಿಯಾ ಹೊಸದೇನಲ್ಲ. 1989ರ ಎರಡನೇ ಎಡಿಷನ್‌ನ ಮುಖ್ಯ ಪುಸ್ತಕಕ್ಕೆ ಅದು ಬರಲಿಲ್ಲ. 1991ರ ವ್ಯಾಂಪೈರ್ ಅನ್ನೋ ಆಟದಲ್ಲಿ ಅಪಿಯರೆನ್ಸ್ (ರೂಪ) ಇತ್ತು, 2018ರ ಐದನೇ ಎಡಿಷನ್‌ನ ಸ್ಟ್ಯಾಟ್‌ಗಳಲ್ಲಿ ಇಲ್ಲ. 2020ರಲ್ಲಿ ನಮ್ಮ ಆಟದ ಹೊಸ ಎಡಿಷನ್ ಸೈಬರ್‌ಪಂಕ್ ರೆಡ್ ಬಂದಾಗ ನಾನು ಮೊದಲು ನೋಡಿದ್ದೇ ಇದನ್ನ, ಅಟ್ರಾಕ್ಟಿವ್‌ನೆಸ್ ಮಾಯ, ರಾಕರ್‌ಬಾಯ್ ಹಾಗೇ ಇದ್ದಾನೆ. ಕಾಲ್ ಆಫ್ ಕತುಲು ಆಟದಲ್ಲಿ ಇನ್ನೂ ಇಟ್ಟುಕೊಂಡಿದ್ದಾರೆ, ಆದರೆ ಅಲ್ಲಿ ಅದು ಎದುರಿಗೆ ಸಿಕ್ಕ ಒಬ್ಬ ಅಪರಿಚಿತನಿಗೆ ಮೊದಲ ನೋಟಕ್ಕೆ ಏನನ್ನಿಸುತ್ತೆ ಅನ್ನೋದಕ್ಕೆ. ಸ್ಟೇಡಿಯಂ ತುಂಬಾ ಜನಕ್ಕಲ್ಲ.

ಹಾಗಾದ್ರೆ ಕರಿಸ್ಮಾ ಸಾಕಾ? ಹಾಡಿಗೆ ಸಾಕು. ಪರ್ಫಾರ್ಮೆನ್ಸ್ ರೋಲ್ ಹಾಕಿಸಿ, ಮುಗೀತು. ಕರಿಸ್ಮಾ ಚೆಲುವಿನ ಸ್ಕೋರ್ ಅಲ್ಲ, ವ್ಯಕ್ತಿತ್ವದ ಜೋರು. ರೂಪದ ಮಾತು ಕಥೆಯಲ್ಲಿ ಬೇಕೇ ಬೇಕು ಅನ್ನೋದಾದ್ರೆ ಡೈಸ್ ಬದಿಗಿಟ್ಟು, ಗುಂಪನ್ನು ಒಡೆದು ಎರಡು ಮೂರು ಮುಖ ಮಾಡಿ. ಪೋಸ್ಟರ್ ಮಾರೋನು ಇರಲಿ, "ಸೊಂಟ ಸ್ವಲ್ಪ ಸಣ್ಣ ಮಾಡಿಸಿದೀನಿ ಅಮ್ಮಾವ್ರೇ, ಹಿಂಗಾದ್ರೆ ಎರಡು ಕಾಸು ಜಾಸ್ತಿ ಹೋಗುತ್ತೆ" ಅನ್ನಲಿ. ಎದುರಾಳಿ ಗಾಯಕಿಯ ಕಡೆಯ ಹುಡುಗಿ ಒಬ್ಬಳು ಬೇಕಂತಲೇ ಸುದ್ದಿ ಹಬ್ಬಿಸಲಿ. ಚೆನ್ನಾಗಿ ಕಾಣ್ತೀಯ ಅಂತ ಹೊಗಳೋನಿಗೂ ಏನೋ ಒಂದು ಬೇಕಿರಲಿ. ರೂಪದ ಬಗ್ಗೆ ಮಾತಾಡೋ ಪ್ರತಿಯೊಬ್ಬನಿಗೂ ಹೆಸರು, ಜೇಬು, ಲಾಭ ಇರಬೇಕು. ಆಗ ನಿಮ್ಮ ಬಾರ್ಡ್‌ಗೆ ಮಾಡೋಕೆ ಏನಾದರೂ ಸಿಗುತ್ತೆ. ಚೌಕಾಸಿ ಮಾಡಬಹುದು, ಪೋಸ್ಟರ್ ಹರಿಯಬಹುದು, ಒಪ್ಪಿಕೊಂಡು ಆಮೇಲೆ ಒದ್ದಾಡಬಹುದು.

ಇನ್ನು ಎಕ್ಸ್ ಕಾರ್ಡ್ ಇಟ್ಟರೆ ಸಾಕು ಅಂತ ಯಾರಾದರೂ ಹೇಳ್ತಾರೆ. ಎಕ್ಸ್ ಬರೆದ ಒಂದು ಕಾರ್ಡ್ ಟೇಬಲ್ ಮೇಲೆ ಇರುತ್ತೆ, ಯಾರಾದರೂ ಮುಟ್ಟಿದರೆ ಕಾರಣ ಕೇಳದೆ ಆ ವಿಷಯ ಬಿಟ್ಟುಬಿಡಬೇಕು. ಒಳ್ಳೆಯದೇ, ಇಡಿ. ಆದರೆ ನಮ್ಮ ಟೇಬಲ್ಲಿನಲ್ಲಿ ಅದು ಇದ್ದಿದ್ದರೂ ಅವಳು ಮುಟ್ಟುತ್ತಿರಲಿಲ್ಲ. ಎಲ್ಲರೂ ನಗ್ತಿದ್ದಾಗ ಅವಳೂ ನಗ್ತಿದ್ದಳಲ್ಲ. ಅದಕ್ಕೇ ಆಟಕ್ಕೆ ಮುಂಚೆ, ಬೇರೆಯವರು ಇಲ್ಲದಾಗ ಫೋನ್ ಮಾಡಿ ಕೇಳಿ: ನಿನ್ನ ಕಥೆಯಲ್ಲಿ ಈ ರೂಪದ ಗಲಾಟೆ ಬೇಕಾ? ಬೇಡ ಅಂದ್ರೆ ಆ ಲೋಕದಲ್ಲಿ ಜನ ಹಾಡು ಕೇಳೋಕೆ ಬರ್ತಾರೆ, ಅಷ್ಟೇ. ಡ್ರ್ಯಾಗನ್ ಹಾರೋ ಲೋಕದಲ್ಲಿ ಇದೊಂದು ನಂಬೋಕಾಗಲ್ವಾ?

ಕೊನೆಗೆ ಕಾಸ್ಟ್ಯೂಮ್‌ಗೆ ಬೋನಸ್ ಕೊಡಬಹುದಾ ಅಂತ ಕೇಳಿದ್ದೀರಲ್ಲ. ಧಾರಾಳವಾಗಿ ಕೊಡಿ. ಬಟ್ಟೆ ಅವಳು ಆರಿಸಿಕೊಂಡಿದ್ದು, ಅದಕ್ಕೆ ಚಿನ್ನದ ನಾಣ್ಯ ಖರ್ಚು ಮಾಡಿದಾಳೆ. ಏನು ಹಾಕ್ಕೊಂಡಿದಾಳೆ ಅಂತ ಅವಳ ಬಾಯಿಂದಲೇ ವರ್ಣಿಸೋಕೆ ಬಿಡಿ, ನೀವು ಮಧ್ಯೆ ಬಾಯಿ ಹಾಕಬೇಡಿ, ಆಮೇಲೆ ಅಡ್ವಾಂಟೇಜ್ ಕೊಟ್ಟು ಎರಡು ಡಿ20 (ಇಪ್ಪತ್ತು ಮುಖದ ಡೈಸ್) ಉರುಳಿಸಿ ದೊಡ್ಡ ನಂಬರ್ ತಗೊಳ್ಳೋಕೆ ಹೇಳಿ.