ಹಳೇ ಮಾರುತಿ 800 ಚೋಕ್ ತಳ್ಳಿದ ಕೂಡಲೇ ಆಫ್ ಆಗುತ್ತಿದೆ, ಯಾವ ಕಾರ್ಬೊರೇಟರ್ ಹಾಕಿಸಲಿ?

ಯಾವುದೂ ಬೇಡ, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಆ ಕಾರ್ಬೊರೇಟರ್ ಬದಲಿಸೋದೇ ಬೇಡ. ಚಳಿಯಲ್ಲಿ ಸ್ಟಾರ್ಟ್ ಮಾಡೋದು ಕಷ್ಟ, ಚೋಕ್ ಒಳಗೆ ತಳ್ಳಿದರೆ ಸಿಗ್ನಲ್‌ನಲ್ಲಿ ಆಫ್, ಸದ್ಯಕ್ಕೆ ಚೋಕ್ ಅರ್ಧ ಎಳೆದೇ ಓಡಿಸುತ್ತಿದ್ದೇನೆ ಅಂದಿದ್ದೀರಿ. ನಾನೂ ಹಾಗೇ ಓಡಿಸಿದವನು. ಮೊದಲು ಅದನ್ನು ನಿಲ್ಲಿಸಿ.

ಆಗ ನಾವು ಮಡಿಕೇರಿಯಲ್ಲಿದ್ದೆವು, ನನ್ನದೂ ಕಾರ್ಬೊರೇಟರ್ ಕಾಲದ 800. ಚೋಕ್ ತಳ್ಳಿದ ಕೂಡಲೇ ಗಡಗಡ ನಡುಗಿ ನಿಲ್ಲುತ್ತಿತ್ತು. ಚೋಕ್ ಅರ್ಧ ಎಳೆದು ಬಿಟ್ಟೆ, ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವ ವೇಗ) ಸ್ಕ್ರೂವನ್ನೂ ಏರಿಸಿದೆ. ಕಾರು ಆಫ್ ಆಗೋದು ತಪ್ಪಿತು. ಸರಿಹೋಯಿತು ಅಂದುಕೊಂಡು ಚಳಿಗಾಲ ಮುಗಿದ ಮೇಲೂ ಹಾಗೇ ಓಡಿಸಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ತಣ್ಣಗಿನ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಕಾರ್ಬೊರೇಟರ್‌ನಿಂದ ಎಂಜಿನ್‌ಗೆ ಹೋಗುವ ಕೊಳವೆಯ, ಅಂದರೆ ಮ್ಯಾನಿಫೋಲ್ಡ್‌ನ, ಗೋಡೆಗೇ ಅಂಟಿಕೊಳ್ಳುತ್ತದೆ. ಅದಕ್ಕೇ ಚೋಕ್ ಗಾಳಿಯ ದಾರಿ ಮುಚ್ಚಿ ಪೆಟ್ರೋಲ್ ಜಾಸ್ತಿ ಎಳೆಸುತ್ತದೆ. ಎಂಜಿನ್ ಬಿಸಿಯಾದ ಮೇಲೆ ಆ ಹೆಚ್ಚುವರಿ ಪೆಟ್ರೋಲ್ ಬೇಕಿಲ್ಲ. ಆದರೂ ಕೊಡುತ್ತಲೇ ಇದ್ದರೆ ಅದು ಉರಿಯದೆ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು, ಪಿಸ್ಟನ್ ರಿಂಗ್ ಸಂದಿಯಲ್ಲಿ ಇಳಿದು, ಕೆಳಗಿನ ಎಂಜಿನ್ ಆಯಿಲ್‌ಗೆ ಸೇರುತ್ತದೆ. ನಾನು ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ನೋಡುತ್ತಲೇ ಇದ್ದೆ. ಆಯಿಲ್ ಇಳಿದಿಲ್ಲ, ಸ್ವಲ್ಪ ಮೇಲೇ ಇದೆ ಅಂತ ಸಮಾಧಾನಪಟ್ಟೆ. ಮೇಲೆ ಬಂದಿದ್ದು ಪೆಟ್ರೋಲ್ ಸೇರಿದ್ದರಿಂದ! ಬೆರಳಿಗೆ ಹಚ್ಚಿ ಮೂಸಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ತೆಳ್ಳಗಾದ ಆಯಿಲ್‌ನಲ್ಲಿ ಓಡಿ ಓಡಿ ರಿಂಗ್ ಸವೆಯಿತು, ಬೋರ್ (ಸಿಲಿಂಡರ್ ಒಳಗೋಡೆ) ಸವೆಯಿತು, ಸೈಲೆನ್ಸರ್‌ನಿಂದ ನೀಲಿ ಹೊಗೆ ಶುರುವಾಯಿತು. ಎಂಜಿನ್ ಇಳಿಸಿ ಬೋರ್ ಮಾಡಿಸಬೇಕಾಯಿತು. ನೀವೂ ಇವತ್ತೇ ಮೂಸಿ ನೋಡಿ, ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಿಸಿ.

ಇಷ್ಟು ಖರ್ಚಾದ ಮೇಲೂ ಹಳೇ ತೊಂದರೆ ಹಾಗೇ ಇತ್ತು. ಕೊನೆಗೆ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಐಡ್ಲಿಂಗ್‌ನಲ್ಲಿರುವಾಗ ಕಾರ್ಬೊರೇಟರ್ ಬುಡದ ಸುತ್ತ ಚೂರೇ ಚೂರು ನೀರು ಬಿಟ್ಟರು. ಎಂಜಿನ್ ಸದ್ದು ತಕ್ಷಣ ಬದಲಾಯಿತು. ಬುಡದ ಸಂದಿ ಮುಚ್ಚುವ ಗ್ಯಾಸ್ಕೆಟ್ ಸೀಳಿ, ಅಲ್ಲಿಂದ ಗಾಳಿ ಎಳೆಯುತ್ತಿತ್ತು. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಅದರಲ್ಲಿ ಕಳ್ಳ ಗಾಳಿ ಸೇರಿದರೆ ಪೆಟ್ರೋಲ್ ಸಾಲುವುದಿಲ್ಲ. ಹೊಸ ಕಾರ್ಬೊರೇಟರ್ ಹಾಕಿಸಿದರೆ ಸರಿಯಾಗಲೂಬಹುದು, ಯಾಕೆಂದರೆ ಅದರ ಜೊತೆ ಈ ಗ್ಯಾಸ್ಕೆಟ್ಟೂ ಬದಲಾಗುತ್ತದೆ ಅಲ್ವಾ? ಹಳೇ ಕಾರ್ಬೊರೇಟರ್ ಸುಮ್ನೆ ಗುಜರಿಗೆ ಹೋಗುತ್ತದೆ.

ಹಾಗಾಗಿ ಮೊದಲು ಕಿಡಿ ಹೊತ್ತಿಸುವ ಪ್ಲಗ್, ಅದಕ್ಕೆ ಕರೆಂಟ್ ಕಡಿದು ಕಿಡಿ ಬರಿಸುವ ಸಿಬಿ ಪಾಯಿಂಟ್ ನೋಡಿಸಿ. ಆಮೇಲೆ ಗ್ಯಾಸ್ಕೆಟ್ ಮತ್ತು ವ್ಯಾಕ್ಯೂಮ್ ಪೈಪ್‌ಗಳು, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಸಣ್ಣ ಪೈಪ್ ಕೂಡ. ಗಾಳಿ ಎಲ್ಲೂ ಎಳೆಯುತ್ತಿಲ್ಲ ಅಂತಾದರೆ ಮಾತ್ರ ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಸ್ಲೋ ಜೆಟ್ ಬಿಚ್ಚಿಸಿ ಕ್ಲೀನ್ ಮಾಡಿಸಿ. ಅದಕ್ಕೆ ತಂತಿ ಹಾಕಲು ಬಿಡಬೇಡಿ, ತೂತು ದೊಡ್ಡದಾಗುತ್ತದೆ. ಬಾನೆಟ್ ಎತ್ತಿದ ಕೂಡಲೇ ಟ್ಯೂನಿಂಗ್ ಅಂತ ಸ್ಕ್ರೂ ತಿರುಗಿಸುವವರ ಹತ್ತಿರ ಹೋಗಲೇಬೇಡಿ. ಐಡ್ಲಿಂಗ್ ಸ್ಕ್ರೂ ಅತಿಯಾಗಿ ಏರಿಸಿದರೆ ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಬಾಗಿಲು, ಥ್ರಾಟಲ್, ತೆರೆದುಕೊಂಡು ಐಡ್ಲಿಂಗ್ ದಾರಿಯ ದೋಷ ಮುಚ್ಚಿಹೋಗುತ್ತದೆ, ಆಮೇಲೆ ಐಡ್ಲಿಂಗ್ ಮಿಶ್ರಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತಿರುಗಿಸಿದರೂ ಎಂಜಿನ್ ಕೇಳುವುದಿಲ್ಲ.

ಮೊದಲು ಇಷ್ಟು ಕಷ್ಟ ಇರಲಿಲ್ಲ ಅಂದಿದ್ದೀರಿ, ಅದು ನಿಜ ಇರಬಹುದು. ಈಗ ಬಂಕ್‌ನಲ್ಲಿ ಹೆಚ್ಚಾಗಿ ಸಿಗೋದು 20% ಎಥನಾಲ್ ಬೆರೆತ ಪೆಟ್ರೋಲ್. ಅಷ್ಟೇ ಗಾಳಿಗೆ ಈ ಬೆರಕೆ ಇಂಧನ ಸ್ವಲ್ಪ ಜಾಸ್ತಿ ಬೇಕು. ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ಸರಿಮಾಡಿಕೊಳ್ಳುತ್ತದೆ, ನಮ್ಮ ಕಾರ್ಬೊರೇಟರ್‌ಗೆ ಅದು ಗೊತ್ತಾಗುವುದಿಲ್ಲ. ಎಥನಾಲ್ ಆವಿಯಾಗಲು ಶಾಖವೂ ಜಾಸ್ತಿ ಬೇಕು, ಹಳೇ ರಬ್ಬರ್ ಪೈಪ್‌ಗಳನ್ನೂ ಅದು ಹಾಳು ಮಾಡುತ್ತದೆ. ಪೆಟ್ರೋಲ್ ಪೈಪ್‌ಗಳನ್ನು ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿಬಿಡಿ.

ಬೆಳಿಗ್ಗೆ ಚೋಕ್ ಪೂರ್ತಿ ಎಳೆದು ಸ್ಟಾರ್ಟ್ ಮಾಡಿ. ಸದ್ದು ನೋಡಿಕೊಂಡು ಸ್ವಲ್ಪ ಸ್ವಲ್ಪ ತಳ್ಳುತ್ತಾ ಬನ್ನಿ. ಟೆಂಪರೇಚರ್ ಮುಳ್ಳು ಏಳುವ ಹೊತ್ತಿಗೆ ಅದು ಪೂರ್ತಿ ಒಳಗಿರಬೇಕು. ಆಗಲೂ ಆಫ್ ಆದರೆ ಆಫ್ ಆಗಲಿ, ಮತ್ತೆ ಎಳೆಯಬೇಡಿ, ನೇರ ಗ್ಯಾರೇಜ್‌ಗೆ ಹೋಗಿ ನೀರು ಬಿಟ್ಟು ನೋಡಿ ಅನ್ನಿ.