ಅಟ್ಟದಿಂದ ಇಳಿದ ಚೈನ್ ಸಾ

ಪ್ರಶ್ನೆ: ವರ್ಷಗಟ್ಟಲೆ ಅಟ್ಟದಲ್ಲಿ ಬಿದ್ದಿದ್ದ ಅಪ್ಪನ ಚೈನ್ ಸಾ ಇಳಿಸಿದ್ದೇನೆ. ಹಗ್ಗ ಎಳೆದರೆ ಒಂದೆರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ಮನೆಯಲ್ಲೇ ರಿಪೇರಿ ಮಾಡಬಹುದೇ, ಗುಜರಿಗೆ ಹಾಕಲೇ?
– ಓದುಗರೊಬ್ಬರು, ಕೊಪ್ಪ

ಉತ್ತರ: ಗುಜರಿಯ ಮಾತು ಆಮೇಲೆ. ಮೊದಲು ಹಗ್ಗ ಜಗ್ಗುವುದನ್ನು ನಿಲ್ಲಿಸಿ. ಪ್ಲಗ್ ಕಳಚಿ, ಸೈಲೆನ್ಸರ್ ಬಿಚ್ಚಿ, ಆ ಕಿಂಡಿಗೆ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ನುಣುಪಾಗಿದ್ದರೆ ಯಂತ್ರಕ್ಕೆ ಆಯುಸ್ಸಿದೆ. ಉದ್ದುದ್ದ ಗೀರು ಬಿದ್ದಿದ್ದರೆ ಯಾರೋ ಆಯಿಲ್ ಬೆರೆಸದ ಪೆಟ್ರೋಲ್ ಕುಡಿಸಿರಬೇಕು. ಆಗ ಖರ್ಚು ಜಾಸ್ತಿ.

ಕೆಮ್ಮಿ ನಿಲ್ಲುವುದು ಬಹುಪಾಲು ಪೆಟ್ರೋಲ್ ಸಾಲದೆ. ಕಾರ್ಬ್ಯುರೇಟರ್ ಬಿಚ್ಚಿ ಒಳಗಿನ ಡಯಾಫ್ರಂ (ಪೆಟ್ರೋಲ್ ಹಾಯಿಸುವ ತೆಳು ಪೊರೆ) ಮುಟ್ಟಿ ನೋಡಿ. ಮೆತ್ತಗಿರಬೇಕು; ಒಣ ಹಪ್ಪಳದಂತೆ ಸೆಟೆದಿದ್ದರೆ ಬದಲಿಸಿ. ಅಂಟುಗಟ್ಟಿದ ಹಳೆಯ ಪೆಟ್ರೋಲನ್ನು ಕ್ಲೀನರ್ ಸ್ಪ್ರೇಯಿಂದ ತೊಳೆಯಿರಿ, ರಂಧ್ರಗಳಿಗೆ ತಂತಿ ಮಾತ್ರ ತೂರಿಸಬೇಡಿ. ಟ್ಯಾಂಕಿನ ಪೈಪು, ಫಿಲ್ಟರ್ ಹೊಸದೇ ಹಾಕಿ. ಇಲ್ಲಿ ಜಿಪುಣತನ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪ್ಲಗ್ ತುದಿಯಲ್ಲಿ ಕಿಡಿ ಹಾರುವ ಅಂತರ ಸಾಮಾನ್ಯವಾಗಿ 0.5 ಮಿ.ಮೀ. ಒಳ್ಳೆಯ ಟೂ-ಸ್ಟ್ರೋಕ್ ಆಯಿಲ್ ಆದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ.; ಕೈಪಿಡಿ ಹೆಚ್ಚು ಹೇಳಿದ್ದರೆ ಅದನ್ನೇ ಪಾಲಿಸಿ.

ಚೈನ್ ಸುತ್ತುವ ಉದ್ದನೆಯ ಪಟ್ಟಿಯ, ಅಂದರೆ ಬಾರಿನ, ಅಂಚಿನ ಸೀಳಿನಲ್ಲಿ ಕಟ್ಟಿದ ಹೊಟ್ಟು ಕೆರೆಯಿರಿ, ಚೈನನ್ನು ದುಂಡು ಅರದಿಂದ ಮಸೆಯಿರಿ. ಓಡಿಸುವಾಗ ಬಾರಿನ ತುದಿಯನ್ನು ಹಳೆಯ ಪತ್ರಿಕೆಯತ್ತ ಹಿಡಿಯಿರಿ: ಎಣ್ಣೆ ಸಿಡಿಯದಿದ್ದರೆ ಚೈನಿಗೆ ಎಣ್ಣೆ ಹಾಯಿಸುವ ಪಂಪಿನ ದಾರಿ ಕಟ್ಟಿದೆ. ಚೈನನ್ನು ತಟ್ಟನೆ ನಿಲ್ಲಿಸುವ ಚೈನ್ ಬ್ರೇಕ್ ಹಿಡಿಯದಿದ್ದರಂತೂ ಮರದ ಹತ್ತಿರ ಒಯ್ಯಲೇಬೇಡಿ.